ಹೊಕ್ಕುಳು ಒಣಗುವ ಮುನ್ನ

ಹುಟ್ಟಿ 15-20 ದಿನವಾದ ಕರುವೊಂದು ಮುಂಗಾಲು ಊರಲಾರದೆ ಕುಂಟತೊಡಗುತ್ತದೆ. ಮಂಡಿ ಊದಿದೆ, ಮುಟ್ಟಿದರೆ ಬಿಸಿ ತಾಕುತ್ತದೆ. ತಾಯಿ ತುಳಿದಿರಬೇಕು, ಇಲ್ಲವೇ ಜಾರಿ ಬಿದ್ದು ಉಳುಕಿರಬೇಕು ಎಂದುಕೊಂಡು ಮನೆಯವರು ಎಣ್ಣೆ ಕಾಯಿಸಿ ಹಚ್ಚುತ್ತಾರೆ. ಎರಡು ದಿನ ಕಳೆದು ಹಿಂಗಾಲಿನ ಕೀಲೂ ಊದಿಕೊಂಡಾಗ ಆ ಊಹೆ ನಿಲ್ಲುವುದಿಲ್ಲ, ಏಕೆಂದರೆ ಉಳುಕು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹರಡುವುದಿಲ್ಲ. ಅನುಭವವುಳ್ಳ ಪಶುವೈದ್ಯರು ಇಂಥ ಕರುವಿನ ಕಾಲು ನೋಡುವುದರ ಜೊತೆಗೆ ಅದರ ಹೊಟ್ಟೆಯ ಅಡಿಗೂ ಕೈ ಹಾಕುತ್ತಾರೆ. ಅಲ್ಲಿ ಹೊಕ್ಕುಳು ಹೆಬ್ಬೆರಳಿಗಿಂತ ದಪ್ಪವಾಗಿ, ಗಟ್ಟಿಯಾಗಿ, ನೋವಿನಿಂದ ಕೂಡಿರುವುದು ಎಷ್ಟೋ ಸಲ ಕಂಡುಬರುತ್ತದೆ. ಕೀಲಿನಲ್ಲಿ ತುಂಬಿರುವ ಕೀವಿಗೆ ಕಾರಣವಾದ ರೋಗಾಣುಗಳು ಎರಡು-ಮೂರು ವಾರಗಳ ಹಿಂದೆಯೇ, ಬಹುಶಃ ಕರು ನೆಲಕ್ಕೆ ಬಿದ್ದ ದಿನವೇ, ಹೊಕ್ಕುಳಿನ ಮೂಲಕ ಒಳಗೆ ಹೋಗಿರುತ್ತವೆ. ಆದ್ದರಿಂದ ಹೊಕ್ಕುಳ ಬಾವನ್ನು ಮೂರನೆಯ ವಾರದ ಕಾಯಿಲೆ ಎಂದು ನೋಡುವುದು ತಪ್ಪು. ಅದು ಮೊದಲ ಕೆಲವು ಗಂಟೆಗಳ ಕಾಯಿಲೆ, ನಮಗೆ ತಡವಾಗಿ ಕಾಣುತ್ತದೆ, ಅಷ್ಟೇ. ಆ ಗಂಟೆಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ, ಹೊಕ್ಕುಳಿಗೆ ಹಚ್ಚುವ ಔಷಧಿಗಿಂತ ಕರು ಬೀಳುವ ನೆಲ ಮತ್ತು ಅದು ಕುಡಿಯುವ ಗಿಣ್ಣು ಹಾಲು ಹೆಚ್ಚಿನ ಪಾಲನ್ನು ನಿರ್ಧರಿಸುತ್ತವೆ ಎಂಬುದು ಈ ಅಧ್ಯಾಯದ ವಾದ.

ತಾಯಿಯ ಗರ್ಭದಲ್ಲಿರುವಾಗ ಕರುವಿಗೆ ಊಟ, ಉಸಿರು, ಕಸ ಸಾಗಣೆ ಎಲ್ಲವೂ ಹೊಕ್ಕುಳಬಳ್ಳಿಯ ಮೂಲಕವೇ. ಅದರೊಳಗೆ ಮೂರು ಬಗೆಯ ಕೊಳವೆಗಳಿವೆ. ಆಮ್ಲಜನಕ ತುಂಬಿದ ರಕ್ತವನ್ನು ತರುವ ಅಭಿಧಮನಿಗಳು ಹೊಟ್ಟೆಯೊಳಗೆ ಒಂದಾಗಿ ಮುಂದಕ್ಕೆ ಸಾಗಿ ನೇರವಾಗಿ ಪಿತ್ತಜನಕಾಂಗವನ್ನು ಸೇರುತ್ತವೆ. ಬಳಸಿದ ರಕ್ತವನ್ನು ಹಿಂದಕ್ಕೊಯ್ಯುವ ಎರಡು ಅಪಧಮನಿಗಳು ಮೂತ್ರಕೋಶದ ಇಕ್ಕೆಲಗಳಿಂದ ಬರುತ್ತವೆ. ಇವುಗಳ ಜೊತೆಗೆ, ಭ್ರೂಣದ ಮೂತ್ರವನ್ನು ಮೂತ್ರಕೋಶದ ತುದಿಯಿಂದ ಹೊರಗಿನ ಚೀಲಕ್ಕೆ ಸಾಗಿಸುವ ಯುರಾಕಸ್ ಎಂಬ ಕೊಳವೆಯೊಂದಿದೆ. ಕರು ಹೊರಬೀಳುವಾಗ ಬಳ್ಳಿ ಸಾಮಾನ್ಯವಾಗಿ ತಾನೇ ಹರಿಯುತ್ತದೆ. ಹಾಗೆ ಎಳೆದು ಹರಿದಾಗ ಅಪಧಮನಿಗಳು ಸ್ನಾಯು ಬಿಗಿದು ಸಂಕುಚಿತಗೊಂಡು, ಯುರಾಕಸ್‌ನೊಂದಿಗೆ ಹೊಟ್ಟೆಯ ಒಳಕ್ಕೆ ಸರಿದುಕೊಳ್ಳುತ್ತವೆ. ಅಭಿಧಮನಿ ಮಾತ್ರ ಅಷ್ಟು ಬಿಗಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಹೊರಗಿನ ತೊಗಲಿನ ಬಳಿಯೇ ಕುಸಿದು ಕೂರುತ್ತದೆ. ಹೊರಗೆ ಜೋತಾಡುವ ಒದ್ದೆ ತುಂಡು ಕೆಲವು ದಿನಗಳಲ್ಲಿ ಒಣಗಿ ಕಪ್ಪಾಗಿ, ಮುಂದಿನ ವಾರಗಳಲ್ಲಿ ಉದುರುತ್ತದೆ. ಒಳಗಿನ ಕೊಳವೆಗಳು ನಿಧಾನವಾಗಿ ನಾರಿನ ಎಳೆಗಳಾಗುತ್ತವೆ. ಆ ತನಕ ಕರುವಿನ ಹೊಟ್ಟೆಯಲ್ಲಿ ಪಿತ್ತಜನಕಾಂಗಕ್ಕೆ ಒಂದು, ಮೂತ್ರಕೋಶಕ್ಕೆ ಒಂದು ಹೀಗೆ ತೆರೆದ ದಾರಿಗಳಿವೆ. ಇನ್ನಾವ ಗಾಯಕ್ಕೂ ಇಂಥ ಸೌಲಭ್ಯವಿಲ್ಲ. ಮೊಣಕಾಲು ತರಚಿದರೆ ರೋಗಾಣು ಚರ್ಮವನ್ನೂ ಮಾಂಸವನ್ನೂ ಭೇದಿಸಿ ರಕ್ತಕ್ಕೆ ಹೋಗಬೇಕು. ಹೊಕ್ಕುಳಿನಲ್ಲಿ ಹಾದಿ ಮೊದಲೇ ಕೊರೆದಿಟ್ಟಿದೆ.

ಸಗಣಿ, ಗಂಜಲ, ಮಣ್ಣು ಬೆರೆತ ಒದ್ದೆ ನೆಲದಲ್ಲಿ ಈ ಹಾದಿಗೆ ಕಾಯುತ್ತಿರುವವು ಅಪರೂಪದ ರೋಗಾಣುಗಳೇನೂ ಅಲ್ಲ. ಯಾವ ಕೊಟ್ಟಿಗೆಯಲ್ಲೂ ಸಿಗುವ ಇ. ಕೊಲೈ, ಸ್ಟ್ರೆಪ್ಟೊಕಾಕಸ್, ಸ್ಟೆಫಿಲೊಕಾಕಸ್ ಹಾಗೂ ಕೀವು ಕಟ್ಟಿಸುವುದರಲ್ಲಿ ಹೆಸರಾದ ಟ್ರೂಪೆರೆಲ್ಲಾ ಪಯೋಜೆನಿಸ್ ಇವೇ ಮುಖ್ಯವಾದವು. ಅವು ಯಾವ ಕೊಳವೆ ಹಿಡಿದವು ಎಂಬುದರ ಮೇಲೆ ಕರುವಿನ ಕಥೆ ಬೇರೆಯಾಗುತ್ತದೆ. ಅಭಿಧಮನಿ ಹಿಡಿದರೆ ಪಿತ್ತಜನಕಾಂಗದಲ್ಲಿ ಕೀವುಗುಳ್ಳೆಗಳು ಏಳುತ್ತವೆ, ಕರು ಸೊರಗುತ್ತದೆ, ಹೊರಗೆ ಹೆಚ್ಚೇನೂ ಕಾಣದೆಯೂ ಇರಬಹುದು. ಯುರಾಕಸ್ ಹಿಡಿದರೆ ಮೂತ್ರಕೋಶ ಪೂರ್ತಿ ಬರಿದಾಗದೆ ಕರು ಮತ್ತೆಮತ್ತೆ ಸ್ವಲ್ಪ ಸ್ವಲ್ಪವೇ ಉಚ್ಚೆ ಹೊಯ್ಯುತ್ತದೆ, ಹೊಕ್ಕುಳು ಸದಾ ಒದ್ದೆ ಇರುತ್ತದೆ. ಕರುಗಳಲ್ಲಿ ಒಳಗಿನ ಸೋಂಕು ಹೆಚ್ಚಾಗಿ ಸಿಗುವುದು ಈ ಕೊಳವೆಯಲ್ಲೇ. ರೋಗಾಣು ರಕ್ತಕ್ಕಿಳಿದರೆ ಕೀಲು, ಕಣ್ಣು, ಮಿದುಳಿನ ಪೊರೆ ಯಾವುದೂ ದೂರವಲ್ಲ. ಕೀಲಿನ ನುಣುಪಾದ ಮೃದ್ವಸ್ಥಿ ಕೀವಿನಲ್ಲಿ ಬೇಗ ಸವೆಯುತ್ತದೆ, ಒಮ್ಮೆ ಸವೆದದ್ದು ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಕರು ಬದುಕಿದರೂ ಕುಂಟಾಗಿಯೇ ಬದುಕುವುದು ಇದರಿಂದ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ಪ್ರತಿ ಕರುವೂ ಹರಿದ ಹೊಕ್ಕುಳಿನೊಂದಿಗೇ ಹುಟ್ಟುತ್ತದೆ, ಪ್ರತಿ ಕೊಟ್ಟಿಗೆಯಲ್ಲೂ ಈ ರೋಗಾಣುಗಳಿವೆ. ಹಾಗಿದ್ದರೂ ಬಹುಪಾಲು ಕರುಗಳಿಗೆ ಏನೂ ಆಗುವುದಿಲ್ಲ. ಗಾಯ ಮತ್ತು ರೋಗಾಣು ಎರಡೇ ಸಾಕಾಗಿದ್ದರೆ ಎಲ್ಲ ಕರುಗಳೂ ಮಲಗಬೇಕಿತ್ತು. ಹಾಗಾದರೆ ಮೂರನೆಯದೊಂದು ಸಂಗತಿ ಇರಬೇಕು. ಅದು ಕರುವಿನ ರಕ್ತದಲ್ಲಿದೆ. ಮನುಷ್ಯರ ಮಗು ಹುಟ್ಟುವ ಹೊತ್ತಿಗೆ ತಾಯಿಯ ಪ್ರತಿಕಾಯಗಳನ್ನು ರಕ್ತದಲ್ಲೇ ಹೊತ್ತು ಬಂದಿರುತ್ತದೆ, ಏಕೆಂದರೆ ನಮ್ಮಲ್ಲಿ ಮಾಸಿನ ಅಂಗಾಂಶ ತಾಯಿಯ ರಕ್ತದಲ್ಲೇ ಅದ್ದಿಕೊಂಡಿರುತ್ತದೆ ಮತ್ತು ಪ್ರತಿಕಾಯಗಳನ್ನು ದಾಟಿಸುವ ವ್ಯವಸ್ಥೆ ಅದರಲ್ಲಿದೆ. ಹಸುವಿನ ಮಾಸು ಬೇರೆ ಬಗೆಯದು. ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಹಲವು ಪದರಗಳ ಗೋಡೆ ಉಳಿದುಕೊಳ್ಳುತ್ತದೆ. ಪೋಷಕಾಂಶಗಳು ದಾಟುತ್ತವೆ, ಪ್ರತಿಕಾಯಗಳಂಥ ದೊಡ್ಡ ಪ್ರೋಟೀನುಗಳು ದಾಟುವುದಿಲ್ಲ. ಹೀಗಾಗಿ ಕರು ಕಣ್ಣು ಬಿಟ್ಟು, ಮೈಮೇಲೆ ಕೂದಲು ಹೊತ್ತು, ಒಂದೆರಡು ಗಂಟೆಯಲ್ಲಿ ಎದ್ದು ನಿಲ್ಲುವಷ್ಟು ಬಲಿತು ಹುಟ್ಟಿದರೂ ಅದರ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯ ಇಲ್ಲವೆಂಬಷ್ಟು ಕಡಿಮೆ. ಕಣ್ಣಿಗೆ ಇಷ್ಟು ಗಟ್ಟಿಮುಟ್ಟಾಗಿ ಕಾಣುವ ಪ್ರಾಣಿ ಒಳಗೆ ಇಷ್ಟು ಬರಿದಾಗಿರುತ್ತದೆ ಎಂದು ನಂಬುವುದು ಕಷ್ಟ. ಸಾಕುವವರು ಮೊದಲ ದಿನ ನಿಶ್ಚಿಂತರಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಆ ಬರಿದನ್ನು ತುಂಬುವುದು ಗಿಣ್ಣು ಹಾಲು. ಇದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮುಖ್ಯರು. ಉಣ್ಣೆಗಳು ದನಗಳಿಗೆ ಜ್ವರ ಹರಡುತ್ತವೆಂದು 1893ರಲ್ಲಿ ಸಾಬೀತುಪಡಿಸಿ, ಕೀಟಗಳಿಂದ ರೋಗ ಹರಡುವ ವಿಚಾರಕ್ಕೆ ಭದ್ರ ಬುನಾದಿ ಹಾಕಿದ ವಿಜ್ಞಾನಿ ಅವರೇ. 1922ರಲ್ಲಿ ಅವರು ಮತ್ತು ರಾಲ್ಫ್ ಲಿಟ್ಲ್ ಒಂದು ಗುಂಪಿನ ಕರುಗಳಿಗೆ ಗಿಣ್ಣು ಕೊಟ್ಟು, ಇನ್ನೊಂದು ಗುಂಪಿಗೆ ಗಿಣ್ಣು ತಪ್ಪಿಸಿ ಸಾಧಾರಣ ಹಾಲನ್ನೇ ಕುಡಿಸಿದರು. ಗಿಣ್ಣು ಕುಡಿದವು ಉಳಿದವು, ಕುಡಿಯದವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ಸತ್ತವುಗಳ ಒಳಾಂಗಗಳಲ್ಲಿ ಸಿಕ್ಕಿದ್ದು ಮಾಮೂಲಿ ಕರುಳಿನ ರೋಗಾಣುವೇ. ಎರಡೂ ಗುಂಪುಗಳಿಗೆ ಹೊಟ್ಟೆ ತುಂಬಿತ್ತು ಎಂಬುದನ್ನು ಗಮನಿಸಬೇಕು. ಗಿಣ್ಣಿನಲ್ಲಿದ್ದದ್ದು ಬರೀ ಪೌಷ್ಟಿಕತೆ ಆಗಿದ್ದರೆ ವ್ಯತ್ಯಾಸ ಅಷ್ಟು ದೊಡ್ಡದಿರುತ್ತಿರಲಿಲ್ಲ. ಒಳ್ಳೆಯ ಗಿಣ್ಣಿನಲ್ಲಿ ಲೀಟರಿಗೆ 50 ಗ್ರಾಂ ಮೇಲ್ಪಟ್ಟು ಐಜಿಜಿ ಎಂಬ ಪ್ರತಿಕಾಯ ಇರುತ್ತದೆ, ಸಾಧಾರಣ ಹಾಲಿನಲ್ಲಿ ಒಂದು ಗ್ರಾಮೂ ಇರುವುದಿಲ್ಲ. ಹುಟ್ಟಿದ ಕರುವಿನ ಕರುಳು ಈ ದೊಡ್ಡ ಪ್ರೋಟೀನನ್ನು ಅರಗಿಸದೆ ಇಡಿಯಾಗಿಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆದರೆ ಈ ಶಕ್ತಿ ಗಂಟೆಗಂಟೆಗೂ ಕುಗ್ಗುತ್ತ, ಸುಮಾರು 24 ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಮೊದಲ ದಿನ ಕರುವಿನ ಮೈಯಲ್ಲಿ ಎರಡು ಬಾಗಿಲುಗಳು ತೆರೆದಿರುತ್ತವೆ ಎನ್ನಬಹುದು: ಹೊಕ್ಕುಳಿನದು ರೋಗಾಣುವಿಗೆ, ಕರುಳಿನದು ಕಾವಲುಗಾರನಿಗೆ. ಹೊಕ್ಕುಳಿನದು ಒಣಗಿ ಮುಚ್ಚಲು ದಿನಗಳು ಬೇಕು, ಕರುಳಿನದು ಒಂದೇ ದಿನದಲ್ಲಿ ಮುಚ್ಚುತ್ತದೆ. ಕಾವಲುಗಾರ ತಡವಾಗಿ ಬಂದರೆ ಒಳಗೆ ಸೇರಲು ದಾರಿಯೇ ಇರುವುದಿಲ್ಲ.

ಈ ಲೆಕ್ಕದಿಂದ ಬರುವ ಪ್ರಮಾಣ ಸರಳವಾದದ್ದು. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು, ಎಂದರೆ 30 ಕಿಲೋ ಕರುವಿಗೆ 3 ಲೀಟರ್, ಮೊದಲ ಕರಾವಿನದ್ದು, ಆದಷ್ಟೂ ಎರಡು ಗಂಟೆಯೊಳಗೆ, ಹೆಚ್ಚೆಂದರೆ ಆರು ಗಂಟೆಯೊಳಗೆ. ಎರಡನೆಯ ಕರಾವಿಗೇ ಪ್ರತಿಕಾಯದ ಸಾಂದ್ರತೆ ಬಹಳ ಇಳಿದಿರುತ್ತದೆ. ಗಿಣ್ಣು ಎಷ್ಟು ಒಳ್ಳೆಯದು ಎಂಬುದನ್ನು ಅದರ ಬಣ್ಣ, ದಪ್ಪ ನೋಡಿ ಅಂದಾಜು ಮಾಡುವುದುಂಟು, ಆದರೆ ಕಣ್ಣಿನ ಅಂದಾಜು ಮೋಸ ಮಾಡುತ್ತದೆ. ಮಂಡ್ಯದ ಕಡೆಯ ರೈತರಿಗೆ ಪರಿಚಯವಿರುವ, ಕಬ್ಬಿನ ರಸದ ಸಿಹಿ ಅಳೆಯುವ ಬ್ರಿಕ್ಸ್ ಮಾಪಕವೇ ಈ ಕೆಲಸಕ್ಕೂ ಬರುತ್ತದೆ. ಒಂದು ಹನಿ ಗಿಣ್ಣು ಹಾಕಿ ನೋಡಿದಾಗ 22 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಗಿಣ್ಣು ಚೆನ್ನಾಗಿದೆ ಎಂದರ್ಥ. ಹಾಲು ಉತ್ಪಾದಕರ ಸಂಘಗಳಲ್ಲಿ ಕೊಬ್ಬಿನಂಶ ಅಳೆಯುವ ಯಂತ್ರಗಳ ಪಕ್ಕದಲ್ಲಿ ಇಂಥದೊಂದು ಸಣ್ಣ ಉಪಕರಣವೂ ಇದ್ದರೆ ಊರಿನ ಎಲ್ಲ ಕರುಗಳಿಗೂ ಉಪಕಾರವಾದೀತು.

ಆದರೆ ನಮ್ಮಲ್ಲಿ ಗಿಣ್ಣು ತಡವಾಗುವುದಕ್ಕೆ ಬಲವಾದ ನಂಬಿಕೆಯೊಂದು ಕಾರಣ. ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದು, ಬಿಟ್ಟರೆ ಕಸ ಒಳಗೇ ಉಳಿಯುತ್ತದೆ ಎಂದು ಹಲವು ಮನೆಗಳಲ್ಲಿ ಹೇಳುತ್ತಾರೆ. ಇದು ದನದ ಮೇಲಿನ ಕಾಳಜಿಯಿಂದಲೇ ಬಂದ ಮಾತು, ಮಾಸು ಉಳಿದರೆ ಹಸುವಿನ ಜೀವಕ್ಕೇ ಅಪಾಯ ಎಂಬ ತಿಳಿವಳಿಕೆಯೂ ಸರಿಯಾದದ್ದೇ. ಆದರೆ ದೇಹದ ಕ್ರಮ ತಿರುಗುಮುರುಗಾಗಿದೆ. ಕರು ಕೆಚ್ಚಲಿಗೆ ಬಾಯಿ ಹಾಕಿ ಎಳೆದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಚೋದಕ ರಕ್ತಕ್ಕೆ ಸೇರುತ್ತದೆ. ಹಾಲನ್ನು ಇಳಿಸುವುದು ಅದೇ, ಗರ್ಭಕೋಶವನ್ನು ಹಿಂಡಿ ಮಾಸು ಹೊರದೂಡಲು ನೆರವಾಗುವುದೂ ಅದೇ. ಮೊಲೆಯೂಡುವುದರಿಂದ ಮಾಸು ನಿಲ್ಲುವುದಿಲ್ಲ, ಬೀಳಲು ಸಹಾಯವೇ ಆಗುತ್ತದೆ. ಆರೋಗ್ಯವಂತ ಹಸುವಿನಲ್ಲಿಯೂ ಮಾಸು ಬೀಳಲು ಹನ್ನೆರಡು ಗಂಟೆಯವರೆಗೆ ಹಿಡಿಯಬಹುದು. ಅಷ್ಟು ಹೊತ್ತು ಕಾದ ಕರುವಿನ ಕರುಳು ಆಗಲೇ ಸಾಕಷ್ಟು ಮುಚ್ಚಿರುತ್ತದೆ. ಇನ್ನು ಮನೆಯಲ್ಲಿ ಬೆಲ್ಲ, ಏಲಕ್ಕಿ ಹಾಕಿ ಬೇಯಿಸುವ ಗಿಣ್ಣು, ನೆರೆಮನೆಗೆ ಚೊಂಬಿನಲ್ಲಿ ಹೋಗುವ ಗಿಣ್ಣು: ಅದನ್ನು ಬಿಡಬೇಕೆಂದು ಯಾರೂ ಹೇಳಬೇಕಾಗಿಲ್ಲ. ಸೀಮೆಹಸು ಕೊಡುವ ಗಿಣ್ಣನ್ನು ಕರುವೊಂದೇ ಕುಡಿದು ಮುಗಿಸಲಾರದು. ಕರುವಿನ ಪಾಲಾದ ಮೊದಲ ಕರಾವು ಮೊದಲು ಅದರ ಹೊಟ್ಟೆಗೆ ಹೋಗಲಿ, ಅಡುಗೆಮನೆಗೆ ಮುಂದಿನ ಕರಾವು ಸಾಕು. ಗಂಡುಕರುವಾದರೆ ಈ ಪಾಲು ಕಡಿತವಾಗುವುದು ಹೆಚ್ಚು, ಹೊಕ್ಕುಳ ಬಾವಿನಿಂದ ಅವು ನರಳುವುದನ್ನು ಕೇಳುವವರೂ ಕಡಿಮೆ. ಇದು ನೋವಿನ ಸಂಗತಿ, ಮುಚ್ಚಿಡುವಂಥದ್ದಲ್ಲ.

ಮತ್ತೊಂದು ಆಕ್ಷೇಪ ಹಿರಿಯರಿಂದ ಬರುತ್ತದೆ. ಗೋಮಾಳದಲ್ಲಿ ಈದ ನಾಟಿ ಹಸು ಸಂಜೆಗೆ ಕರುವನ್ನು ಕರೆದುಕೊಂಡು ತಾನೇ ಮನೆಗೆ ಬರುತ್ತಿತ್ತು, ಆಗ ಹೊಕ್ಕುಳಿಗೆ ಅಯೋಡಿನ್ ಹಚ್ಚಿದವರು ಯಾರು, ಬ್ರಿಕ್ಸ್ ನೋಡಿದವರು ಯಾರು ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿದೆ, ಮತ್ತು ಅದರ ಉತ್ತರ ಈ ವಾದಕ್ಕೇ ಬಲ ಕೊಡುತ್ತದೆ. ಗೋಮಾಳದ ನೆಲ ಒಣದು, ಬಿಸಿಲು ಬೀಳುವಂಥದ್ದು, ಹತ್ತು ದನಗಳ ಸಗಣಿ ಗಂಜಲ ಒಂದೇ ಕಡೆ ಹುದುಗಿದ್ದಲ್ಲ. ಕರು ಎದ್ದೊಡನೆ ಕೆಚ್ಚಲು ಹುಡುಕಿ ಬೇಕಾದಷ್ಟು ಕುಡಿಯುತ್ತಿತ್ತು, ಅದಕ್ಕಿಂತ ಮೊದಲು ಹಾಲು ಕರೆದುಕೊಳ್ಳುವವರು ಹತ್ತಿರ ಇರಲಿಲ್ಲ. ಅಲ್ಲಿ ಒಣನೆಲ, ಬೇಗನೆಯ ಗಿಣ್ಣು ಎರಡೂ ತಾವಾಗಿಯೇ ಒದಗುತ್ತಿದ್ದವು. ನಾವು ಹಸುವನ್ನು ಸಿಮೆಂಟು ನೆಲಕ್ಕೂ ರಬ್ಬರ್ ಮ್ಯಾಟಿಗೂ ತಂದು ಕಟ್ಟಿದೆವು, ಕರುವನ್ನು ಹುಟ್ಟಿದೊಡನೆ ಬೇರ್ಪಡಿಸಿದೆವು. ಆ ಎರಡನ್ನೂ ಕಿತ್ತುಕೊಂಡ ಮೇಲೆ ಬದಲಿಗೆ ನಾವೇ ಒದಗಿಸಬೇಕಾಗುತ್ತದೆ. ಜೊತೆಗೆ, ಹಿಂದಿನ ಕಾಲದಲ್ಲಿ ಸತ್ತ ಕರುಗಳ ಲೆಕ್ಕ ಯಾರ ಬಳಿಯೂ ಇಲ್ಲ. ನೆನಪಿನಲ್ಲಿ ಉಳಿಯುವುದು ಸಂಜೆಗೆ ಮನೆಗೆ ಬಂದ ಕರುವೇ ಹೊರತು ಬಾರದೆ ಹೋದದ್ದಲ್ಲ. ಮಲೆನಾಡಿನಲ್ಲಿ ಗೊಬ್ಬರಕ್ಕೆಂದು ಸೊಪ್ಪು ಹಾಸುವ ಕೊಟ್ಟಿಗೆಗಳು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಒದ್ದೆಯಾಗಿರುತ್ತವೆ. ಸೊಪ್ಪಿನ ಪದ್ಧತಿ ಹೊಲಕ್ಕೆ ಒಳ್ಳೆಯದು, ಈಯುವ ಹಸುವಿಗೆ ಮಾತ್ರ ಆ ದಿನಗಳಲ್ಲಿ ಒಣಹುಲ್ಲು ಹಾಸಿದ ಬೇರೆ ಮೂಲೆ ಬೇಕು. ಹಾಸು ಒಣಗಿದೆಯೇ ಎಂದು ನೋಡಲು ಅದರ ಮೇಲೆ ಅರೆನಿಮಿಷ ಮಂಡಿಯೂರಿ ಕೂತು ಏಳಬೇಕು. ಬಟ್ಟೆ ಒದ್ದೆಯಾದರೆ ಕರುವಿನ ಹೊಕ್ಕುಳೂ ಒದ್ದೆಯಾಗುತ್ತದೆ.

ಹಾಗಾದರೆ ಅಯೋಡಿನ್ ಬೇಕೇ ಬೇಡವೇ? ಡೈರಿ ಫಾರಂಗಳಲ್ಲಿ ಒಂದು ಔಷಧಿಯನ್ನು ಇನ್ನೊಂದರ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಅವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಎಷ್ಟೋ ಸಲ ಸಿಕ್ಕಿಲ್ಲ. ಇದನ್ನು ಹಿಡಿದು ಹಚ್ಚುವುದೇ ವ್ಯರ್ಥ ಎನ್ನುವವರಿದ್ದಾರೆ. ಅವಸರದ ತೀರ್ಮಾನವದು. ಮನುಷ್ಯರ ಶಿಶುಗಳ ಮೇಲೆ ನಡೆದ ದೊಡ್ಡ ಪರೀಕ್ಷೆಗಳು ಇಲ್ಲಿ ದಾರಿ ತೋರಿಸುತ್ತವೆ. ನೇಪಾಳದ ದಕ್ಷಿಣದ ಬಯಲಿನ ಸರ್ಲಾಹಿ ಜಿಲ್ಲೆಯಲ್ಲಿ, ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಕಾಲದಲ್ಲಿ, ಶಿಶುಗಳ ಹೊಕ್ಕುಳಬಳ್ಳಿಗೆ 4% ಕ್ಲೋರ್‌ಹೆಕ್ಸಿಡಿನ್ ಹಚ್ಚಿದಾಗ ನವಜಾತ ಶಿಶುಗಳ ಸಾವು 24% ಕಡಿಮೆಯಾಯಿತೆಂದು 2006ರಲ್ಲಿ ಪ್ರಕಟವಾಯಿತು. ಮುಂದೆ ಅದನ್ನು ಆ ದೇಶ ರಾಷ್ಟ್ರೀಯ ಕಾರ್ಯಕ್ರಮವಾಗಿಯೇ ತೆಗೆದುಕೊಂಡಿತು. ಅದೇ ಔಷಧಿಯನ್ನು ಆಫ್ರಿಕಾದ ಜಾಂಬಿಯಾದಲ್ಲೂ ಜಾಂಜಿಬಾರ್‌ನ ಪೆಂಬಾ ದ್ವೀಪದಲ್ಲೂ ಹಚ್ಚಿ ನೋಡಿದಾಗ ಸಾವಿನ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಔಷಧಿ ಬದಲಾಗಿರಲಿಲ್ಲ, ಸುತ್ತಲ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿ ಶಿಶುಗಳ ಸಾವು ಮೊದಲೇ ಕಡಿಮೆ ಇತ್ತು. ಹೆರಿಗೆಯ ಜಾಗ ಎಷ್ಟು ಅಪಾಯದ್ದೋ ಔಷಧಿಯ ಲಾಭವೂ ಅಷ್ಟು ಹೆಚ್ಚು. ಇದನ್ನು ಕೊಟ್ಟಿಗೆಗೆ ಅನ್ವಯಿಸುವುದು ಕಷ್ಟವಲ್ಲ. ಒಣ, ಚೊಕ್ಕ ಜಾಗದಲ್ಲಿ ಹುಟ್ಟಿ ಬೇಗ ಗಿಣ್ಣು ಕುಡಿದ ಕರುವಿಗೆ ಅಯೋಡಿನ್ನಿಂದ ಸಿಗುವ ಹೆಚ್ಚುವರಿ ರಕ್ಷಣೆ ಸಣ್ಣದಿರಬಹುದು. ನಮ್ಮ ಹೆಚ್ಚಿನ ಕೊಟ್ಟಿಗೆಗಳು ಹಾಗಿಲ್ಲ, ಆದ್ದರಿಂದ ಹಚ್ಚಲೇಬೇಕು. ಹಚ್ಚುವಾಗ ಸಣ್ಣ ಲೋಟದಲ್ಲಿ ಟಿಂಚರ್ ಅಯೋಡಿನ್ ಹಾಕಿ ಇಡೀ ಹೊಕ್ಕುಳ ತುಂಡನ್ನು ಬುಡದ ತನಕ ಅದ್ದಬೇಕು, ಉಳಿದದ್ದನ್ನು ಚೆಲ್ಲಬೇಕು. ಸಗಣಿ ಬೆರೆತ ಅಯೋಡಿನ್ ಬಲ ಕಳೆದುಕೊಳ್ಳುತ್ತದೆ. ಹಾಲು ಕರೆದ ಮೇಲೆ ಮೊಲೆಗಳಿಗೆ ಅದ್ದುವ ದ್ರಾವಣವನ್ನೇ ಹೊಕ್ಕುಳಿಗೂ ಬಳಸುವುದುಂಟು. ಅದರಲ್ಲಿ ಚರ್ಮ ಒಣಗದಂತೆ ಗ್ಲಿಸರಿನ್‌ನಂಥ ವಸ್ತು ಸೇರಿಸಿರುತ್ತಾರೆ, ನಮಗೆ ಇಲ್ಲಿ ಬೇಕಾದದ್ದು ಒಣಗುವುದೇ.

ಒಣಗಬೇಕು ಎಂಬ ಇದೇ ಮಾತಿನಿಂದ ಮನೆಮದ್ದುಗಳನ್ನೂ ತೂಗಿ ನೋಡಬಹುದು. ಅರಿಶಿಣಕ್ಕೆ ರೋಗಾಣುಗಳನ್ನು ತಡೆಯುವ ಗುಣವಿದೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡ ಸಂಗತಿ. ಆದರೆ ಡಬ್ಬಿಯ ಅರಿಶಿಣಪುಡಿ ಶುದ್ಧೀಕರಿಸಿದ ಔಷಧಿಯಲ್ಲ, ಎಣ್ಣೆಯಲ್ಲಿ ಕಲಸಿ ಮೆತ್ತಿದರೆ ಒಳಗಿನ ತೇವ ಆರದು. ಬೂದಿ, ಸಗಣಿ ಹಚ್ಚುವುದಂತೂ ಖಂಡಿತ ಸಲ್ಲದು. ಮನುಷ್ಯರ ಶಿಶುಗಳ ಹೊಕ್ಕುಳಿಗೆ ಸಗಣಿ ಮೆತ್ತುವ ರೂಢಿ ಧನುರ್ವಾಯುವಿಗೆ ದಾರಿ ಮಾಡಿಕೊಟ್ಟಿತ್ತು. ಲಸಿಕೆ ಮತ್ತು ಸ್ವಚ್ಛ ಹೆರಿಗೆಯಿಂದ ಭಾರತ ನವಜಾತ ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದದ್ದು ಅಧಿಕೃತವಾಗಿ ಘೋಷಣೆಯಾದದ್ದು 2015ರಲ್ಲಿ. ಬೇವಿನ ಎಣ್ಣೆಯ ವಿಷಯ ಬೇರೆ. ಅದನ್ನು ಹೊಕ್ಕುಳಿನ ಸುತ್ತಲ ಚರ್ಮಕ್ಕೆ ಸವರಿದರೆ ನೊಣ ಹತ್ತಿರ ಬರುವುದು ಕಡಿಮೆಯಾಗುತ್ತದೆ, ಮತ್ತು ನೊಣ ಇಲ್ಲಿ ಸಣ್ಣ ಶತ್ರುವಲ್ಲ. ನಮ್ಮ ದೇಶದಲ್ಲಿರುವ ಕ್ರೈಸೊಮಿಯಾ ಬೆಜ್ಜಿಯಾನಾ ಎಂಬ ನೊಣ ಜೀವಂತ ಪ್ರಾಣಿಯ ಗಾಯದಂಚಿನಲ್ಲೇ ಮೊಟ್ಟೆಯಿಡುತ್ತದೆ, ಒಂದು ದಿನದೊಳಗೆ ಹುಳಗಳು ಹೊರಬಂದು ಮಾಂಸ ಕೊರೆಯುತ್ತವೆ. ಹೊಸದಾಗಿ ಹುಟ್ಟಿದ ಕರುವಿನ ಹೊಕ್ಕುಳು ಅದಕ್ಕೆ ಮೆಚ್ಚಿನ ಜಾಗ. ಅಮೆರಿಕ ಖಂಡದಲ್ಲಿ ಇದರ ಸೋದರಸಂಬಂಧಿ ನೊಣವೊಂದು ಎಳೆಗರುಗಳನ್ನೂ ಜಿಂಕೆಮರಿಗಳನ್ನೂ ಹೊಕ್ಕುಳಿನಿಂದಲೇ ಕೊಲ್ಲುತ್ತಿತ್ತು. ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಶ್‌ಲ್ಯಾಂಡ್ ಎಂಬ ಕೀಟವಿಜ್ಞಾನಿಗಳು ವಿಕಿರಣದಿಂದ ಬಂಜೆಯಾಗಿಸಿದ ಗಂಡುನೊಣಗಳನ್ನು ಬಿಡುವ ಉಪಾಯ ಹೂಡಿ, 1954ರಲ್ಲಿ ಕ್ಯುರಸಾವ್ ದ್ವೀಪದಲ್ಲಿ ಅದರ ಸಂತತಿಯನ್ನೇ ಅಳಿಸಿ ತೋರಿಸಿದರು. ಒಣಗದ ಹೊಕ್ಕುಳೊಂದು ಎಷ್ಟು ದೊಡ್ಡ ನಷ್ಟಕ್ಕೆ ಕಾರಣವಾಗಬಲ್ಲದು ಎಂಬುದಕ್ಕೆ, ಹೀಗೆ ಬಿಡುವುದಕ್ಕೆಂದು ಒಂದು ಸರ್ಕಾರ ಕಾರ್ಖಾನೆಯಲ್ಲಿ ನೊಣ ಸಾಕಲು ಮುಂದಾದದ್ದೇ ಸಾಕ್ಷಿ.

ಕಾಯಿಲೆ ಕಂಡ ಮೇಲೆ ಚುಚ್ಚುಮದ್ದು ಇದ್ದೇ ಇದೆಯಲ್ಲ ಎನ್ನುವವರಿಗೂ ಉತ್ತರ ಹೇಳಬೇಕು. ಮೊದಲ ದಿನಗಳಲ್ಲೇ ಗುರುತಿಸಿದರೆ ಪ್ರತಿಜೈವಿಕಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಅದಕ್ಕಾಗಿ ಮೊದಲ ಎರಡು ವಾರ ದಿನಕ್ಕೊಮ್ಮೆ ಹೊಕ್ಕುಳನ್ನು ಬೆರಳಲ್ಲಿ ಮುಟ್ಟಿ ನೋಡುವ ಅಭ್ಯಾಸ ಒಳ್ಳೆಯದು. ಆದರೆ ಕೀವಿನ ಸುತ್ತ ದಪ್ಪ ನಾರಿನ ಗೋಡೆ ಕಟ್ಟಿಕೊಂಡ ಮೇಲೆ ಔಷಧಿ ಒಳಗೆ ತಲುಪುವುದು ಕಷ್ಟ. ವಾರಗಟ್ಟಲೆ ಚುಚ್ಚಬೇಕಾಗುತ್ತದೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯಿಂದ ಆ ಕೊಳವೆಯನ್ನೇ ತೆಗೆಯಬೇಕಾಗುತ್ತದೆ. ಹೀಗೆ ಉದ್ದಕ್ಕೂ ಬಳಸಿದ ಔಷಧಿಗೆ ರೋಗಾಣುಗಳು ಒಗ್ಗಿಹೋಗುವ ಅಪಾಯವೂ ಇದೆ. ಊದಿದ್ದೆಲ್ಲ ಕೀವೂ ಅಲ್ಲ. ಹೊಟ್ಟೆಯ ಗೋಡೆ ಹೊಕ್ಕುಳಿನಲ್ಲಿ ಸರಿಯಾಗಿ ಕೂಡದೆ ಕರುಳು ಅಥವಾ ಕೊಬ್ಬು ಹೊರಗೆ ಇಳಿದಿದ್ದರೆ ಅದು ಹರ್ನಿಯಾ. ಮೆತ್ತಗಿರುತ್ತದೆ, ನೋವಿರುವುದಿಲ್ಲ, ಕರುವನ್ನು ಅಂಗಾತ ಮಲಗಿಸಿ ಒತ್ತಿದರೆ ಒಳಗೆ ಹೋಗುತ್ತದೆ, ಬೆರಳಿಗೆ ಒಂದು ಬಳೆಯಂಥ ಅಂಚು ಸಿಗುತ್ತದೆ. ಕೀವಿದೆಯೆಂದು ಅದಕ್ಕೆ ಸೂಜಿ ಚುಚ್ಚಿದರೆ ಕರುಳೇ ತೂತಾಗಬಹುದು, ಹಾಗಾಗಿ ಪಶುವೈದ್ಯರು ನೋಡುವ ಮೊದಲು ಯಾರೂ ಊತವನ್ನು ಕೊಯ್ಯಬಾರದು. ಹರ್ನಿಯಾ ವಂಶದಲ್ಲಿ ಹರಿದು ಬರುವುದುಂಟು. ಕೃತಕ ಗರ್ಭಧಾರಣೆಯಲ್ಲಿ ಒಂದೇ ಹೋರಿ ಸಾವಿರಾರು ಕರುಗಳ ತಂದೆಯಾಗುವುದರಿಂದ, ಹುಟ್ಟಿದ ಕರುಗಳಲ್ಲಿ ಹರ್ನಿಯಾ ಕಂಡರೆ ಯಾವ ಹೋರಿಯದು ಎಂದು ಬರೆದಿಡುವುದು ಇಡೀ ತಳಿಗೆ ಮಾಡುವ ಸೇವೆ.

ಕೊನೆಯದಾಗಿ, ಮೊದಲ ಕೆಲವು ಗಂಟೆ ಎಂದು ಹೇಳುತ್ತ ಬಂದ ಅವಧಿಗೂ ಒಂದು ಹಿಂದಿನ ಕಥೆಯಿದೆ. ಗಿಣ್ಣು ಈಯುವ ದಿನ ತಯಾರಾಗುವಂಥದ್ದಲ್ಲ. ಗಬ್ಬದ ಕೊನೆಯ ಕೆಲವು ವಾರಗಳಲ್ಲಿ ಹಸುವಿನ ರಕ್ತದಲ್ಲಿರುವ ಪ್ರತಿಕಾಯಗಳು ಕೆಚ್ಚಲಿಗೆ ಇಳಿದು ಸಂಗ್ರಹವಾಗುತ್ತವೆ. ಈಯುವ ಎರಡು ತಿಂಗಳ ಮೊದಲೇ ಹಾಲು ಬತ್ತಿಸಿ ಎಂದು ಪಶುವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ. ಹಾಲಿನ ಆಸೆಗೆ ಕೊನೆಯವರೆಗೂ ಕರೆದರೆ ಗಿಣ್ಣೂ ಸೊರಗುತ್ತದೆ. ಇನ್ನೊಂದು ಸಂಗತಿ ಗಬ್ಬದ ಹಸುವನ್ನು ಕೊಳ್ಳುವವರು ತಿಳಿದಿರಬೇಕಾದದ್ದು. ಇಂದೋ ನಾಳೆಯೋ ಈಯಲಿರುವ ಹಸುವಿಗೆ ಸಂತೆಯಲ್ಲಿ ಬೆಲೆ ಹೆಚ್ಚು, ಬೇಗ ಹಾಲು ಸಿಗುತ್ತದೆಂದು ಅದನ್ನೇ ಹುಡುಕುವವರು ಬಹಳ. ಆದರೆ ಅದರ ಗಿಣ್ಣಿನಲ್ಲಿರುವ ಪ್ರತಿಕಾಯಗಳು ಅದು ಬಿಟ್ಟುಬಂದ ಊರಿನ ಕೊಟ್ಟಿಗೆಯ ರೋಗಾಣುಗಳಿಗೆ ತಕ್ಕಂತೆ ರೂಪುಗೊಂಡವು, ಕರು ಬೀಳುವುದು ಬೇರೊಂದು ನೆಲದ ಮೇಲೆ. ಗಬ್ಬದ ಹಸುವನ್ನು ತರುವುದೇ ಆದರೆ ಈಯುವ ದಿನಕ್ಕೆ ಮೂರು-ನಾಲ್ಕು ವಾರವಾದರೂ ಮೊದಲು ತಂದು ಕಟ್ಟಬೇಕು. ಅಷ್ಟರಲ್ಲಿ ಹೊಸ ಕೊಟ್ಟಿಗೆಯ ರೋಗಾಣುಗಳನ್ನು ಅದರ ದೇಹ ಗುರುತಿಸಿ, ಪ್ರತಿಕಾಯ ತಯಾರಿಸಿ, ಕೆಚ್ಚಲಿಗೆ ಕಳಿಸಲು ಸಮಯ ಸಿಗುತ್ತದೆ.